ಕ್ಯೂಬರ್ಟ್ ಸ್ಕೂಲ್
ಕಾಮಿಕ್ಸ್ ಚಿತ್ರಕಲೆಯನ್ನು ವೃತ್ತಿಯಾಗಿ ಕಲಿಸುವ ಅಮೆರಿಕದ ಶಾಲೆ. ಹೆಸರಾಂತ ಚಿತ್ರಕಾರ ಜೋ ಕ್ಯೂಬರ್ಟ್ (1926–2012) ಮತ್ತು ಪತ್ನಿ ಮ್ಯೂರಿಯಲ್ 1976ರಲ್ಲಿ ನ್ಯೂಜೆರ್ಸಿಯ ಡೋವರ್‌ನಲ್ಲಿ ಸ್ಥಾಪಿಸಿದರು. ಕಾಮಿಕ್ಸ್ ಉದ್ಯಮದಲ್ಲಿ ಒಂದೇ ಪುಟ ಹಲವರ ಕೈ ದಾಟುತ್ತದೆ: ಕಥೆಗಾರ ಬರೆದದ್ದನ್ನು ಒಬ್ಬರು ಪೆನ್ಸಿಲಿನಲ್ಲಿ ಬಿಡಿಸಿದರೆ ಇನ್ನೊಬ್ಬರು ಮಸಿ ತೀಡುತ್ತಾರೆ; ಬಣ್ಣಕ್ಕೆ, ಅಕ್ಷರಕ್ಕೆ ಬೇರೆಯವರು. ಇವನ್ನೆಲ್ಲ ವೃತ್ತಿನಿರತರಿಂದಲೇ ಮೂರು ವರ್ಷ ಕಲಿಸುವುದು ಶಾಲೆಯ ಹೆಚ್ಚುಗಾರಿಕೆ. ಮಸಿ ತೀಡುವುದೆಂದರೆ ಗೆರೆಯ ಮೇಲೆ ಗೆರೆ ಎಳೆಯುವುದೆಂಬ ಭಾವನೆ ತಪ್ಪು. ದವಡೆಯ ನೆರಳಿನ ಬದಿ ಗೆರೆ ದಪ್ಪವಾಗಿ, ಬೆಳಕಿನ ಬದಿ ಕೂದಲೆಳೆಯಷ್ಟು ತೆಳ್ಳಗಾದಾಗಲೇ ಮುಖ ಕಾಗದದಿಂದ ಎದ್ದು ಬರುತ್ತದೆ. ಕಾಮಿಕ್ಸ್ ಚಿತ್ರಕಾರರಾದ ಸ್ಟೀಫನ್ ಬಿಸೆಟ್, ರಿಕ್ ವೀಚ್ ಶಾಲೆಯ ಮೊದಲ ತಂಡದ ವಿದ್ಯಾರ್ಥಿಗಳು. ಜೋ ಅವರ ಮಕ್ಕಳಾದ ಆ್ಯಂಡಿ, ಆ್ಯಡಂ ಕೂಡ ಇಲ್ಲೇ ಕಲಿತು ಚಿತ್ರಕಾರರಾದರು.