ಒಂದೇ ವೈರಾಣು, ಹಲವು ತಳಿ: ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲಿ ಹೆಪಟೈಟಿಸ್ ಬಿ

ಹೆಪಟೈಟಿಸ್ ಬಿ ಪಿತ್ತಜನಕಾಂಗಕ್ಕೆ, ಅಂದರೆ ಆಡುಮಾತಿನ ಲಿವರಿಗೆ, ತಗಲುವ ಸೋಂಕು. ಕಾಮಾಲೆ ಕಾಣಿಸಿಕೊಂಡಾಗಷ್ಟೇ ಜನ ಇದರ ಹೆಸರು ಕೇಳುವುದುಂಟು. ಆದರೆ ಸೋಂಕು ತಗಲಿದ ಹೆಚ್ಚಿನವರಿಗೆ ವರ್ಷಗಟ್ಟಲೆ ಯಾವ ಲಕ್ಷಣವೂ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಅಂದಾಜಿನಂತೆ ಜಗತ್ತಿನಲ್ಲಿ 25 ಕೋಟಿ 40 ಲಕ್ಷ ಮಂದಿ ಈ ವೈರಾಣುವನ್ನು ಹೊತ್ತು ಬದುಕುತ್ತಿದ್ದರು. ಅದೇ ವರ್ಷ ಸುಮಾರು 11 ಲಕ್ಷ ಮಂದಿ ಇದರಿಂದ ಮೃತಪಟ್ಟರು. ಭಾರತದಲ್ಲಿ ಸೋಂಕಿತರ ಸಂಖ್ಯೆ ಮೂರು ಕೋಟಿಗೆ ಹತ್ತಿರ.

ಇಷ್ಟೊಂದು ಸಾಮಾನ್ಯವಾದ ಈ ವೈರಾಣು ಎಲ್ಲ ಕಡೆಯೂ ಒಂದೇ ರೂಪದಲ್ಲಿಲ್ಲ. ಪ್ರದೇಶಕ್ಕೊಂದು, ಜನಸಮುದಾಯಕ್ಕೊಂದು ಎಂಬಂತೆ ಅದರ ತಳಿಗಳು ಬೇರೆಯಾಗಿವೆ. ಉತ್ತರ ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲಿರುವ 'ಸಿ4' ಎಂಬ ತಳಿ ಇದಕ್ಕೆ ಒಳ್ಳೆಯ ಉದಾಹರಣೆ.

ಪತ್ತೆಯಾದ ಬಗೆ

ಈ ವೈರಾಣುವಿನ ಜಾಡು ಮೊದಲು ಸಿಕ್ಕಿದ್ದೇ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ. ಅಮೆರಿಕದ ವೈದ್ಯ ವಿಜ್ಞಾನಿ ಬರೂಕ್ ಬ್ಲೂಂಬರ್ಗ್ ಬೇರೆ ಬೇರೆ ದೇಶಗಳ ಜನರ ರಕ್ತದ ಮಾದರಿಗಳನ್ನು ಕೂಡಿಸಿ ಹೋಲಿಸುತ್ತಿದ್ದರು. ಅನೇಕ ಬಾರಿ ರಕ್ತ ಪಡೆದಿದ್ದ ಅಮೆರಿಕದ ಹಿಮೋಫಿಲಿಯಾ ರೋಗಿಯೊಬ್ಬರ ರಕ್ತಸಾರ, ಆಸ್ಟ್ರೇಲಿಯಾದ ಮೂಲನಿವಾಸಿಯ ರಕ್ತಸಾರದೊಡನೆ ಪ್ರತಿಕ್ರಿಯೆ ತೋರಿದ್ದನ್ನು ಅವರೂ ಹಾರ್ವೆ ಆಲ್ಟರ್ ಅವರೂ ಗಮನಿಸಿದರು. 1965ರಲ್ಲಿ ಇದನ್ನು ಪ್ರಕಟಿಸಿದರು. ಆ ವಸ್ತುವಿಗೆ 'ಆಸ್ಟ್ರೇಲಿಯಾ ಆಂಟಿಜೆನ್' ಎಂಬ ಹೆಸರು ಬಂತು. ಅದು ಹೆಪಟೈಟಿಸ್ ಬಿ ವೈರಾಣುವಿನ ಹೊರಕವಚದ ಪ್ರೋಟೀನು ಎಂಬುದು ಕೆಲವು ವರ್ಷಗಳ ಬಳಿಕ ಖಚಿತವಾಯಿತು. ಇಂದು ಆಸ್ಪತ್ರೆಗಳಲ್ಲಿ ಮಾಡುವ 'ಎಚ್‌ಬಿಎಸ್‌ಎಜಿ' ಪರೀಕ್ಷೆ ಹುಡುಕುವುದು ಇದನ್ನೇ. ಬ್ಲೂಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅವರ ಜನ್ಮದಿನವಾದ ಜುಲೈ 28ನ್ನು ವಿಶ್ವ ಹೆಪಟೈಟಿಸ್ ದಿನವಾಗಿ ಆಚರಿಸಲಾಗುತ್ತದೆ.

ಎ ಯಿಂದ ಜೆ ವರೆಗೆ

ಈ ವೈರಾಣುವಿನ ವಂಶವಾಹಿ ಬಹಳ ಚಿಕ್ಕದು, ಸುಮಾರು 3,200 ಅಕ್ಷರಗಳಷ್ಟೆ. ಎರಡು ಮಾದರಿಗಳ ನಡುವೆ ಶೇ. 8ಕ್ಕಿಂತ ಹೆಚ್ಚು, ಅಂದರೆ ಇನ್ನೂರೈವತ್ತಕ್ಕೂ ಮಿಕ್ಕಿ ಅಕ್ಷರಗಳ ವ್ಯತ್ಯಾಸವಿದ್ದರೆ ಅವನ್ನು ಬೇರೆ ಬೇರೆ ಜೀನೋಟೈಪ್ ಎನ್ನುತ್ತಾರೆ. ಶೇ. 4ರಿಂದ 8ರಷ್ಟಿದ್ದರೆ ಉಪತಳಿ. ಹೀಗೆ ಎ ಯಿಂದ ಜೆ ವರೆಗೆ ಹತ್ತು ತಳಿಗಳನ್ನು ಗುರುತಿಸಲಾಗಿದೆ. ಬಿ ಮತ್ತು ಸಿ ಪೂರ್ವ ಏಷ್ಯಾದಲ್ಲಿ ಹೆಚ್ಚು. ಇ ಪಶ್ಚಿಮ ಆಫ್ರಿಕಾದ್ದು. ಎಫ್ ಮತ್ತು ಎಚ್ ಅಮೆರಿಕ ಖಂಡಗಳ ಮೂಲನಿವಾಸಿಗಳ ನಡುವೆ ಕಾಣುತ್ತವೆ. ಭಾರತದಲ್ಲಿ ಮುಖ್ಯವಾಗಿ ಡಿ ಮತ್ತು ಎ. ಪೂರ್ವದ ಕಡೆ ಸಿ ಕೂಡ ಇದೆ.

ತಳಿ ಬೇರೆಯಾದರೆ ರೋಗದ ನಡೆಯೂ ಬೇರೆ. ಅಲಾಸ್ಕಾದ ಮೂಲನಿವಾಸಿಗಳಲ್ಲಿ ಎ, ಬಿ, ಸಿ, ಡಿ, ಎಫ್ ಎಂಬ ಐದು ತಳಿಗಳಿವೆ. ಅಲ್ಲಿ ಎಫ್ ತಳಿಯ ಸೋಂಕಿದ್ದವರಲ್ಲಿ ಮಕ್ಕಳಿಗೂ ಯುವಕರಿಗೂ ಲಿವರ್ ಕ್ಯಾನ್ಸರ್ ಬಂದದ್ದುಂಟು. ಬಿ6 ಎಂಬ ಉಪತಳಿ ಇದ್ದವರಲ್ಲಿ ಅಂಥ ತೊಂದರೆ ತೀರಾ ಕಡಿಮೆ. ಒಂದೇ ಊರು, ಒಂದೇ ಊಟ, ಒಂದೇ ಹವೆ ಇದ್ದರೂ ಫಲ ಬೇರೆ.

ಸಿ4ರ ವಿಶೇಷ

ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲಿನ ಈ ತಳಿಯ ಪೂರ್ಣ ವಂಶವಾಹಿಯನ್ನು 2001ರಲ್ಲಿ ಪ್ರಕಟಿಸಲಾಯಿತು. ನಾರ್ದರ್ನ್ ಟೆರಿಟರಿ ಪ್ರಾಂತದಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಳಿ ಗುರುತಿಸಲು ಸಾಧ್ಯವಾದ ಮೂಲನಿವಾಸಿ ಸೋಂಕಿತರೆಲ್ಲರಲ್ಲೂ ಸಿ4 ಒಂದೇ ಕಂಡುಬಂತು. ಇದರ ಬಹುಭಾಗ ಸಿ ತಳಿಯದು. ಆದರೆ ಹೊರಕವಚದ ಭಾಗ ಮಾತ್ರ ಜೆ ತಳಿಗೆ ಹತ್ತಿರವಾದದ್ದು. ಎರಡು ತಳಿಗಳು ಎಂದೋ ಒಬ್ಬರ ದೇಹದಲ್ಲಿ ಬೆರೆತು ಹುಟ್ಟಿದ ಕೂಡುತಳಿ ಇದು.

ಸಿ ತಳಿಯ ಸೋಂಕಿನಲ್ಲಿ ವೈರಾಣು ರಕ್ತದಲ್ಲಿ ಹೆಚ್ಚು ಕಾಲ ಹೆಚ್ಚು ಪ್ರಮಾಣದಲ್ಲಿ ಉಳಿಯುತ್ತದೆ. ಹಾಗಾಗಿ ತಾಯಿಯಿಂದ ಮಗುವಿಗೆ ದಾಟುವ ಸಾಧ್ಯತೆ ಹೆಚ್ಚು, ಲಿವರ್ ಗಂಟುಗಟ್ಟುವ ಸಿರೋಸಿಸ್ ಮತ್ತು ಕ್ಯಾನ್ಸರಿನ ಅಪಾಯವೂ ಹೆಚ್ಚು. ಸಿ4ರಲ್ಲಿ ಕ್ಯಾನ್ಸರಿಗೆ ಸಂಬಂಧಿಸಿದ ವಂಶವಾಹಿ ಬದಲಾವಣೆಗಳೂ ಕಂಡುಬಂದಿವೆ.

ಎಷ್ಟು ಹಳೆಯದು?

ಇಲ್ಲಿ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಮೊದಲ ಮಾನವರು ಆಸ್ಟ್ರೇಲಿಯಾಕ್ಕೆ ಬಂದಾಗಲೇ, ಅಂದರೆ 50,000 ವರ್ಷಗಳಿಗೂ ಹಿಂದೆ, ಸಿ4ರ ಪೂರ್ವಜ ವೈರಾಣುವೂ ಅವರೊಂದಿಗೆ ಬಂದಿರಬೇಕು ಎಂದು 2019ರ ಅಧ್ಯಯನವೊಂದು ವಾದಿಸಿತು. ಆದರೆ 2021ರಲ್ಲಿ ಪ್ರಾಚೀನ ಮಾನವರ ಅವಶೇಷಗಳಿಂದ ತೆಗೆದ 137 ವೈರಾಣು ವಂಶವಾಹಿಗಳನ್ನು ಪರಿಶೀಲಿಸಿದ ಮತ್ತೊಂದು ತಂಡ, ಈಗ ತಿಳಿದಿರುವ ಎಲ್ಲ ತಳಿಗಳ ಮೂಲ ಸುಮಾರು 12,000ದಿಂದ 20,000 ವರ್ಷಗಳ ಹಿಂದಿನದು ಎಂದು ಲೆಕ್ಕ ಹಾಕಿತು. ಎರಡೂ ಲೆಕ್ಕ ಒಟ್ಟಿಗೆ ಸರಿಯಾಗಲಾರವು. ವೈರಾಣು ಯಾವ ವೇಗದಲ್ಲಿ ಬದಲಾಗುತ್ತದೆ ಎಂಬ ಅಳತೆಯ ಮೇಲೆ ಉತ್ತರ ನಿಂತಿದೆ.

ಲಸಿಕೆ ಹಿಡಿಯುತ್ತದೆಯೇ?

ಬಳಕೆಯಲ್ಲಿರುವ ಸಾಮಾನ್ಯ ಲಸಿಕೆ ತಯಾರಾಗಿರುವುದು ಎ2 ಉಪತಳಿಯ ಹೊರಕವಚದಿಂದ. ಸಿ4ರ ಹೊರಕವಚ ಅದಕ್ಕಿಂತ ಭಿನ್ನ. ಲಸಿಕೆ ಪಡೆದ ಕೆಲವು ಮೂಲನಿವಾಸಿ ಯುವಜನರಲ್ಲಿ ಸೋಂಕು ತಗಲಿಹೋದ ಗುರುತು ಕಂಡಾಗ ಈ ಸಂಶಯ ಎದ್ದಿತು. ದೂರದ ಊರುಗಳಿಗೆ ಸಾಗಿಸುವಾಗ ಲಸಿಕೆ ಕೆಟ್ಟಿರಬಹುದೆಂಬ ಅನುಮಾನವೂ ಇತ್ತು. ಹೆಪಟೈಟಿಸ್ ಬಿ ಲಸಿಕೆ ತಂಪಾಗಿರಬೇಕು ನಿಜ, ಆದರೆ ಹೆಪ್ಪುಗಟ್ಟಿದರೆ ಶಕ್ತಿ ಕಳೆದುಕೊಳ್ಳುತ್ತದೆ.

ಹಾಗೆಂದು ಲಸಿಕೆ ವ್ಯರ್ಥವೆಂದಲ್ಲ. ಎಲ್ಲ ತಳಿಗಳಿಗೂ ಸಮಾನವಾದ ಒಂದು ಭಾಗ ಹೊರಕವಚದಲ್ಲಿದೆ. ರಕ್ಷಣೆ ಹೆಚ್ಚಾಗಿ ಅದರಿಂದಲೇ ಬರುತ್ತದೆ. ನಾರ್ದರ್ನ್ ಟೆರಿಟರಿಯಲ್ಲಿ 1990ರಿಂದ ಎಲ್ಲ ಶಿಶುಗಳಿಗೂ ಲಸಿಕೆ ಕೊಡತೊಡಗಿದರು. ಆ ಬಳಿಕ ಹುಟ್ಟಿದವರಲ್ಲಿ ದೀರ್ಘಕಾಲದ ಸೋಂಕು, ಹಿಂದಿನ ತಲೆಮಾರಿಗಿಂತ ಬಹಳ ಕಡಿಮೆ.

ತಮ್ಮ ಭಾಷೆಯಲ್ಲಿ ಮಾತು

ಉತ್ತರ ಆಸ್ಟ್ರೇಲಿಯಾದ ಅನೇಕ ಸೋಂಕಿತರಿಗೆ ತಮಗೇನಾಗಿದೆ ಎಂಬುದೇ ಸರಿಯಾಗಿ ತಿಳಿದಿರಲಿಲ್ಲ. ವೈದ್ಯರು ಹೇಳಿದ್ದು ಇಂಗ್ಲಿಷಿನಲ್ಲಿ, ಮನೆಮಾತು ಬೇರೆ. ತಮ್ಮ ಭಾಷೆಯಲ್ಲಿ ವಿವರಿಸಬೇಕೆಂದು ಜನ ಕೇಳಿದರು. ಡಾರ್ವಿನ್ ನಗರದ ಮೆಂಜೀಸ್ ಆರೋಗ್ಯ ಸಂಶೋಧನಾ ಸಂಸ್ಥೆ 2014ರಲ್ಲಿ 'ಹೆಪ್ ಬಿ ಸ್ಟೋರಿ' ಎಂಬ ಮೊಬೈಲ್ ಆ್ಯಪನ್ನು ಯೋಲ್ಙು ಮಾತಾ ಭಾಷೆಯಲ್ಲಿ ಹೊರತಂದಿತು. ಮುಂದೆ ಬೇರೆ ಮೂಲನಿವಾಸಿ ಭಾಷೆಗಳಿಗೂ ಅದನ್ನು ತಂದರು. ಮನೆಯಲ್ಲಿ ಒಂದು ಭಾಷೆ, ಆಸ್ಪತ್ರೆಯ ಚೀಟಿಯಲ್ಲಿ ಇನ್ನೊಂದು ಭಾಷೆ ಇರುವ ಗಡಿನಾಡಿನ ಓದುಗರಿಗೆ ಇದರ ಅಗತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಲ್ಲಿ ತಿಳಿದಿರಬೇಕಾದದ್ದು

ತಳಿ ಯಾವುದೇ ಇರಲಿ, ಹರಡುವ ದಾರಿ ಒಂದೇ: ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ, ಸೋಂಕಿನ ರಕ್ತದಿಂದ, ಒಬ್ಬರಿಗೆ ಬಳಸಿದ ಸೂಜಿ ಮತ್ತು ಕ್ಷೌರದ ಕತ್ತಿಯಿಂದ, ಲೈಂಗಿಕ ಸಂಪರ್ಕದಿಂದ. ಒಟ್ಟಿಗೆ ಉಂಡರೆ, ಕೈ ಮುಟ್ಟಿದರೆ ಹರಡುವುದಿಲ್ಲ. ಹುಟ್ಟುವಾಗಲೇ ಸೋಂಕು ತಗಲಿದರೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಅದು ಜೀವನಪೂರ್ತಿ ಉಳಿಯುವ ಸಂಭವವಿದೆ. ದೊಡ್ಡವರಿಗೆ ತಗಲಿದರೆ ಹಾಗೆ ಉಳಿಯುವುದು ನೂರರಲ್ಲಿ ಐದಕ್ಕಿಂತ ಕಡಿಮೆ ಮಂದಿಯಲ್ಲಿ. ಆದ್ದರಿಂದಲೇ ಹುಟ್ಟಿದ 24 ಗಂಟೆಯೊಳಗಿನ ಮೊದಲ ಚುಚ್ಚುಮದ್ದಿಗೆ ಅಷ್ಟು ಮಹತ್ವ.

ಭಾರತದಲ್ಲಿ ಈ ಲಸಿಕೆ 2002ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ 2011ರಲ್ಲಿ ದೇಶದಾದ್ಯಂತ ಜಾರಿಗೆ ಬಂತು. ಇದನ್ನೂ ಒಳಗೊಂಡ ಪೆಂಟಾವೇಲೆಂಟ್ ಲಸಿಕೆ 2011ರ ಡಿಸೆಂಬರಿನಲ್ಲಿ ಮೊದಲು ಬಂದದ್ದು ಕೇರಳ ಮತ್ತು ತಮಿಳುನಾಡಿಗೆ. ಹುಟ್ಟಿದಾಗಿನ ಡೋಸಿನ ಬಳಿಕ 6, 10 ಮತ್ತು 14ನೇ ವಾರಗಳಲ್ಲಿ ಇದನ್ನು ಕೊಡುತ್ತಾರೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ ಮತ್ತು ಔಷಧಿ ಉಚಿತ. ಗರ್ಭಿಣಿಯರು ಎಚ್‌ಬಿಎಸ್‌ಎಜಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮನೆಯಲ್ಲಿ ಒಬ್ಬರಿಗೆ ಸೋಂಕಿದ್ದರೆ ಉಳಿದವರೂ ಪರೀಕ್ಷಿಸಿಕೊಂಡು, ಸೋಂಕಿಲ್ಲದವರು ಲಸಿಕೆ ಪಡೆಯಬೇಕು. ಸೋಂಕಿರುವವರು ಆರಾಮವಾಗಿದ್ದೇವೆಂದು ಬಿಟ್ಟುಬಿಡದೆ ವೈದ್ಯರು ಹೇಳಿದ ಅವಧಿಗೆ ಲಿವರ್ ತಪಾಸಣೆ ಮಾಡಿಸುತ್ತಿರಬೇಕು.