ರಕ್ತ ಪರೀಕ್ಷೆಯ ವಿಶ್ಲೇಷಕ ಯಂತ್ರ: ಮಾದರಿ ನಿರ್ವಹಣೆ ಮತ್ತು ಗುಣಮಟ್ಟ ನಿಯಂತ್ರಣ

ಆಸ್ಪತ್ರೆಗಳ ಪ್ರಯೋಗಾಲಯಗಳಲ್ಲಿ ರಕ್ತದ ಸಕ್ಕರೆ, ಯೂರಿಯಾ, ಕ್ರಿಯೇಟಿನಿನ್, ಪೊಟ್ಯಾಸಿಯಂ ಮುಂತಾದ ಅಂಶಗಳನ್ನು ಸ್ವಯಂಚಾಲಿತ ವಿಶ್ಲೇಷಕ ಯಂತ್ರಗಳಿಂದ ಅಳೆಯಲಾಗುತ್ತದೆ. ಯಂತ್ರವು ತನಗೆ ಒದಗಿಸಿದ ಮಾದರಿಯನ್ನು ಮಾತ್ರ ಅಳೆಯುತ್ತದೆ. ಮಾದರಿ ಕೆಟ್ಟಿದ್ದರೂ ಅದು ಒಂದು ಅಂಕಿಯನ್ನು ನೀಡಬಲ್ಲದು. ಚಿಕಿತ್ಸೆಯು ಆ ಅಂಕಿಯನ್ನು ಅವಲಂಬಿಸಿರುವುದರಿಂದ ಕೆಳಕಂಡ ಕ್ರಮಗಳು ಅತ್ಯವಶ್ಯಕವಾಗಿವೆ.

1. ಮಾದರಿ ಸಂಗ್ರಹಣೆ

ರಕ್ತ ಪಡೆಯುವ ಮುನ್ನ ರೋಗಿಯ ಹೆಸರು ಮತ್ತು ನೋಂದಣಿ ಸಂಖ್ಯೆಯನ್ನು ತಾಳೆ ನೋಡಿ, ರೋಗಿಯ ಸಮ್ಮುಖದಲ್ಲಿಯೇ ಕೊಳವೆಗೆ ಚೀಟಿ ಅಂಟಿಸತಕ್ಕದ್ದು. ನೇರಳೆ ಮುಚ್ಚಳದ ಕೊಳವೆಯಲ್ಲಿ ಇ.ಡಿ.ಟಿ.ಎ.ಯ ಪೊಟ್ಯಾಸಿಯಂ ಲವಣ ಇರುತ್ತದೆ. ಅದರ ಅಲ್ಪಾಂಶವು ಸೀರಂ ಕೊಳವೆಗೆ ಸೇರಿದರೂ ಪೊಟ್ಯಾಸಿಯಂ ಹೆಚ್ಚಾಗಿಯೂ ಕ್ಯಾಲ್ಸಿಯಂ ಕಡಿಮೆಯಾಗಿಯೂ ಕಂಡುಬರುತ್ತದೆ. ಆದ್ದರಿಂದ ಸೀರಂ ಕೊಳವೆಯನ್ನು ಮೊದಲು ತುಂಬತಕ್ಕದ್ದು. ಒಂದು ಕೊಳವೆಯ ರಕ್ತವನ್ನು ಇನ್ನೊಂದಕ್ಕೆ ಸುರಿಯಬಾರದು.

ಕೊಳವೆಯನ್ನು ಬಲವಾಗಿ ಕುಲುಕಿದಲ್ಲಿ ಕೆಂಪು ರಕ್ತಕಣಗಳು ಒಡೆದು ಅವುಗಳೊಳಗಿನ ಪೊಟ್ಯಾಸಿಯಂ ಸೀರಂಗೆ ಸೇರುತ್ತದೆ. ಆಗ ಅಪಾಯಕರವಾಗಿ ಕಡಿಮೆಯಿರುವ ಪೊಟ್ಯಾಸಿಯಂ ಸಹ ಸಹಜವೆಂಬಂತೆ ವರದಿಯಾಗುವ ಸಂಭವವಿದೆ.

2. ಸಾಗಣೆ ಮತ್ತು ಬೇರ್ಪಡಿಸುವಿಕೆ

ಬೇರ್ಪಡಿಸದ ರಕ್ತದಲ್ಲಿ ರಕ್ತಕಣಗಳು ಸಕ್ಕರೆಯನ್ನು ಬಳಸುತ್ತಲೇ ಇರುತ್ತವೆ. ಕೊಠಡಿಯ ಉಷ್ಣತೆಯಲ್ಲಿ ಸಕ್ಕರೆಯ ಪ್ರಮಾಣ ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು ಇಳಿಯುತ್ತದೆ. ಖಾಲಿ ಹೊಟ್ಟೆಯಲ್ಲಿ 130 ಮಿ.ಗ್ರಾಂ. ಇದ್ದ ಸಕ್ಕರೆ ಎರಡು ಗಂಟೆಗಳ ನಂತರ ಸುಮಾರು 115 ಎಂದು ಕಾಣಬಹುದು. ಮಧುಮೇಹದ ಮಿತಿ 126 ಆಗಿರುವುದರಿಂದ ರೋಗ ಪತ್ತೆಯಾಗದೇ ಉಳಿಯುತ್ತದೆ. ಬೂದು ಮುಚ್ಚಳದ ಕೊಳವೆಯ ಫ್ಲೋರೈಡ್ ಈ ಇಳಿಕೆಯನ್ನು ತಡೆಯುತ್ತದೆಯಾದರೂ ಮೊದಲ ಗಂಟೆಯಲ್ಲಿ ಪೂರ್ಣವಾಗಿ ತಡೆಯುವುದಿಲ್ಲ.

ಸೀರಂ ಕೊಳವೆಯನ್ನು ಸುಮಾರು 30 ನಿಮಿಷ ಹೆಪ್ಪುಗಟ್ಟಲು ಬಿಟ್ಟು, ನಂತರ ವಿಳಂಬವಿಲ್ಲದೆ ಸೆಂಟ್ರಿಫ್ಯೂಜ್ ಮಾಡತಕ್ಕದ್ದು. ಬೇರ್ಪಡಿಸದ ರಕ್ತವನ್ನು ಶೀತಕದಲ್ಲಿ ಇಟ್ಟಲ್ಲಿ ಪೊಟ್ಯಾಸಿಯಂ ಕಣಗಳಿಂದ ಹೊರಸೋರುತ್ತದೆ. ಬಿಲಿರುಬಿನ್ ಪರೀಕ್ಷೆಯ ಮಾದರಿಯನ್ನು ಬೆಳಕಿನಿಂದ ಮರೆಯಾಗಿರಿಸಬೇಕು.

3. ದೈನಂದಿನ ಗುಣಮಟ್ಟ ನಿಯಂತ್ರಣ

ರೋಗಿಗಳ ಮಾದರಿಗಳನ್ನು ಪರೀಕ್ಷಿಸುವ ಮುನ್ನ, ನಿರೀಕ್ಷಿತ ಮೌಲ್ಯ ತಿಳಿದಿರುವ ಕಂಟ್ರೋಲ್ ದ್ರಾವಣವನ್ನು ಕನಿಷ್ಠ ಎರಡು ಮಟ್ಟಗಳಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು ಲೆವಿ-ಜೆನ್ನಿಂಗ್ಸ್ ನಕ್ಷೆಯಲ್ಲಿ ಗುರುತಿಸಲಾಗುತ್ತದೆ. ವೆಸ್ಟ್‌ಗಾರ್ಡ್ ಅವರು 1981ರಲ್ಲಿ ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ ನಿಯಮಗಳ ಪ್ರಕಾರ:

ಅ) ಒಂದು ಫಲಿತಾಂಶ ಸರಾಸರಿಯಿಂದ 2 ಮಾನಕ ವಿಚಲನೆ ಮೀರಿದಲ್ಲಿ ಅದು ಎಚ್ಚರಿಕೆ.
ಆ) 3 ಮಾನಕ ವಿಚಲನೆ ಮೀರಿದಲ್ಲಿ ಆ ಸರಣಿ ತಿರಸ್ಕೃತ.
ಇ) ಸತತ ಎರಡು ಫಲಿತಾಂಶಗಳು ಒಂದೇ ಪಾರ್ಶ್ವದಲ್ಲಿ 2 ಮಾನಕ ವಿಚಲನೆ ಮೀರಿದಲ್ಲಿಯೂ ತಿರಸ್ಕೃತ.

ತಿರಸ್ಕೃತವಾದಲ್ಲಿ ರೋಗಿಗಳ ವರದಿಗಳನ್ನು ತಡೆಹಿಡಿದು, ರೀಏಜೆಂಟ್, ಕ್ಯಾಲಿಬ್ರೇಷನ್ ಮತ್ತು ಯಂತ್ರದ ದೀಪವನ್ನು ಪರಿಶೀಲಿಸತಕ್ಕದ್ದು. ಫಲಿತಾಂಶ ಮಿತಿಯೊಳಗೆ ಬರುವವರೆಗೆ ಕಂಟ್ರೋಲನ್ನು ಪುನಃ ಪುನಃ ಪರೀಕ್ಷಿಸುವುದು ಪರಿಹಾರವಲ್ಲ. ಕಾರಣ ಮತ್ತು ಕೈಗೊಂಡ ಕ್ರಮವನ್ನು ವಹಿಯಲ್ಲಿ ದಾಖಲಿಸತಕ್ಕದ್ದು.

ಕಂಟ್ರೋಲ್ ಯಂತ್ರದ ದೋಷವನ್ನು ತೋರಿಸುತ್ತದೆಯೇ ಹೊರತು ರೋಗಿಯ ಮಾದರಿಯ ದೋಷವನ್ನಲ್ಲ. ಆದ್ದರಿಂದ ಎರಡೂ ಕ್ರಮಗಳು ಒಂದಕ್ಕೊಂದು ಪೂರಕವಾಗಿದ್ದು, ಒಂದು ಇನ್ನೊಂದಕ್ಕೆ ಬದಲಿಯಾಗಲಾರದು.

4. ಸಾರ್ವಜನಿಕರ ಗಮನಕ್ಕೆ

ರಕ್ತ ನೀಡುವಾಗ ಕೊಳವೆಯ ಮೇಲೆ ತಮ್ಮ ಹೆಸರು ಸರಿಯಾಗಿದೆಯೇ ಎಂದು ನೋಡಿಕೊಳ್ಳುವುದು. ಕೊನೆಯ ಆಹಾರದ ಸಮಯ ಮತ್ತು ಸೇವಿಸುತ್ತಿರುವ ಔಷಧಿಗಳನ್ನು ಸಿಬ್ಬಂದಿಗೆ ತಿಳಿಸುವುದು. ಮಾದರಿ ಕೆಟ್ಟಿದೆಯೆಂದು ಪುನಃ ರಕ್ತ ಕೇಳಿದಲ್ಲಿ ಸಹಕರಿಸುವುದು. ಅದು ತಪ್ಪು ವರದಿಯಿಂದ ರೋಗಿಯನ್ನು ರಕ್ಷಿಸುವ ಕ್ರಮವಾಗಿರುತ್ತದೆ.