ಬಿಗಿಯ ಲೆಕ್ಕ

ಬಿಗಿ ಮಾಡಿದಷ್ಟೂ ಭದ್ರ ಎಂಬ ನಂಬಿಕೆ ನಮ್ಮೆಲ್ಲರಲ್ಲೂ ಇದೆ. ನಲ್ಲಿ ನಿಲ್ಲಿಸುವಾಗ ಕೊನೆಗೊಂದು ತಿರುವು ಹೆಚ್ಚೇ ಇರಲಿ ಎನ್ನುತ್ತೇವೆ. ಆ ಹೆಚ್ಚಿನ ತಿರುವೇ ಒಳಗಿನ ವಾಷರನ್ನು ತಿಂದುಹಾಕುತ್ತದೆ. ಎಷ್ಟು ಬಿಗಿ ಸಾಕು ಎಂಬುದಕ್ಕೆ ಅಂಕಿಯಲ್ಲಿ ಉತ್ತರ ಹೇಳಲು ಮನುಷ್ಯನಿಗೆ ಬಹಳ ಕಾಲವೇ ಹಿಡಿಯಿತು.

1800ರ ಸುಮಾರಿನವರೆಗೂ ಒಂದು ಬೋಲ್ಟಿನ ನಟ್ಟು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಯಂತ್ರ ಬಿಚ್ಚುವವರು ಜೋಡಿ ತಪ್ಪದಂತೆ ಗುರುತು ಹಾಕಿಟ್ಟುಕೊಳ್ಳಬೇಕಿತ್ತು. ಆಗ ಲಂಡನ್ನಿನ ಹೆನ್ರಿ ಮಾಡ್ಸ್‌ಲೆ ತಿರುಪುಗಳನ್ನು ನಿಖರವಾಗಿ ಕೊರೆಯುವ ಲೇತ್ ಯಂತ್ರ ಮಾಡಿದ. ಅವನ ಕಾರ್ಖಾನೆಯಲ್ಲಿ ಪಳಗಿದ ಜೋಸೆಫ್ ವಿಟ್ವರ್ತ್ ಹಲವು ಕಾರ್ಖಾನೆಗಳ ಬೋಲ್ಟುಗಳನ್ನು ಕಲೆಹಾಕಿ, ಸರಾಸರಿ ತೆಗೆದು, 1841ರಲ್ಲಿ ಎಲ್ಲರಿಗೂ ಒಂದೇ ಅಳತೆಯನ್ನು ಸೂಚಿಸಿದ.

ಜೋಡಿಯ ತೊಂದರೆ ತೀರಿತು, ಬಿಗಿಯದು ಉಳಿಯಿತು. ಅದು ಕೆಲಸಗಾರನ ತೋಳಿನ ಅಂದಾಜಿಗೆ ಬಿಟ್ಟದ್ದು. ನ್ಯೂಯಾರ್ಕ್ ನಗರದ ನೀರು ಸರಬರಾಜು ಇಲಾಖೆಯಲ್ಲಿದ್ದ ಕಾನ್ರಾಡ್ ಬಾರ್, ಕೊಳವೆಗಳ ಬೋಲ್ಟನ್ನು ಅತಿಯಾಗಿ ಬಿಗಿಯುವುದನ್ನು ತಪ್ಪಿಸಲು 1918ರಲ್ಲಿ ಒಂದು ಹೊಸ ಬಗೆಯ ಸ್ಪ್ಯಾನರ್ ಮಾಡಿದನೆಂದು ಹೇಳುತ್ತಾರೆ. ತಿರುಚುವ ಬಲ ಇಷ್ಟೆಂದು ಅಳೆದು ಹೇಳುವ ಈ ಸಲಕರಣೆಯೇ ಟಾರ್ಕ್ ರೆಂಚ್.

ಅದರ ಬೆಲೆ ನನಗೆ ತಿಳಿದದ್ದು ಡೆಟ್ರಾಯಿಟ್ ಬಳಿ ಇರುವ ಅಕ್ಕನ ಮಗನ ಮನೆಯಲ್ಲಿ. ಅವನದು 1989ರಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಮೊದಲು ಕಂಡ ಮಾಜ್ದಾ ಮಿಯಾಟಾ. ಎರಡೇ ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು. ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳನ್ನು ಬದಲಿಸುತ್ತಿದ್ದವನು ಹೊಳೆಯುವ ನಟ್ಟೊಂದನ್ನು ಕಸಕ್ಕೆಸೆದ. ಹಾಲಿನ ಕವರನ್ನೂ ತೊಳೆದು ಒಣಗಿಸಿಡುವ ನನ್ನ ಜೀವ ತಡೆಯಲಿಲ್ಲ. "ಯಾಕೋ, ಹೊಸದರ ಹಾಗೇ ಇದೆಯಲ್ಲ!" ಎಂದೆ.

"ಚಿಕ್ಕಮ್ಮ, ಒಳಗಿನ ನೈಲಾನ್ ಉಂಗುರ ನೋಡಿ. ಸವೆದಿದೆ. ಅದು ಕಚ್ಚಿ ಹಿಡಿಯದಿದ್ದರೆ ಓಡುವಾಗಿನ ನಡುಕಕ್ಕೆ ನಟ್ಟು ಸಡಿಲವಾಗುತ್ತೆ. ಚಕ್ರ ನಿಂತಿರೋದೇ ಇದರ ಮೇಲೆ."

ಬೋಲ್ಟೂ ಮಕ್ಕಳ ಲಂಗದ ಎಲಾಸ್ಟಿಕ್ಕಿನಂತೆಯೇ ಎಂದು ಆಗ ಅರ್ಥವಾಯಿತು. ಬಿಗಿದಾಗ ಅದು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಮತ್ತೆ ಕುಗ್ಗಲೆಂದು ಎಳೆಯುವ ಎಳೆತವೇ ಭಾಗಗಳನ್ನು ಅಪ್ಪಿ ಹಿಡಿಯುವುದು. ಕಡಿಮೆಯಾದರೆ ಭಾಗಗಳು ಅಲುಗಾಡಿ, ಪ್ರತಿ ಹಳ್ಳದಲ್ಲೂ ಬೋಲ್ಟು ದಣಿದು, ಒಂದು ದಿನ ಮುರಿಯುತ್ತದೆ. ಮಿತಿ ಮೀರಿದರೆ ಹಿಗ್ಗಿದ್ದು ಹಿಗ್ಗಿದಂತೆಯೇ ಉಳಿಯುತ್ತದೆ. ಕೆಲವು ಕಾರುಗಳಲ್ಲಿ ಬೇಕೆಂದೇ ಆ ಮಿತಿಯವರೆಗೆ ಬಿಗಿಯುವ ಬೋಲ್ಟುಗಳಿವೆ. ಬಿಚ್ಚಿದ ಮೇಲೆ ಅವು ಕಸಕ್ಕೇ. ಉಳಿದವನ್ನು ತುಕ್ಕಿಲ್ಲದೆ, ಸುರುಳಿಗೆರೆ ಕೆಡದೆ ಇದ್ದರೆ, ಕಂಪನಿಯ ಪುಸ್ತಕ ಒಪ್ಪಿದಲ್ಲಿ, ಮತ್ತೆ ಹಾಕಬಹುದು.

ಮಿಯಾಟಾದ ಪುಸ್ತಕದಲ್ಲಿ ಚಕ್ರದ ನಟ್ಟಿಗೆ 88ರಿಂದ 118 ನ್ಯೂಟನ್ ಮೀಟರ್ ಎಂದಿದೆ. 100 ಎಂದರೆ ಒಂದು ಮೀಟರ್ ಉದ್ದದ ಹಿಡಿಯ ತುದಿಗೆ ಸುಮಾರು 10 ಕಿಲೋ ಭಾರ ಹಾಕಿದಂತೆ. ಈ ಬಲದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಉಜ್ಜಾಟಕ್ಕೇ ಹೋಗುತ್ತದೆ. ಬೋಲ್ಟನ್ನು ಎಳೆಯುವುದು ಉಳಿದ ಒಂದು ಪಾಲು. ಒಣ ಬೋಲ್ಟಿಗೆಂದು ಕೊಟ್ಟ ಅಂಕಿಗೆ ಎಣ್ಣೆ ಸವರಿದ ಬೋಲ್ಟನ್ನು ಬಿಗಿದರೆ ಅದು ಅಳತೆ ಮೀರಿ ಹಿಗ್ಗುವುದು ಇದಕ್ಕೇ.

ಇನ್ನೊಂದು ಸೂಕ್ಷ್ಮವೂ ಇದೆ. ರಬ್ಬರ್ ಬುಷ್‌ನ ಬೋಲ್ಟನ್ನು ಕೊನೆಯದಾಗಿ ಬಿಗಿಯಬೇಕಾದದ್ದು ಕಾರಿನ ಭಾರ ಚಕ್ರಗಳ ಮೇಲೆ ಕೂತ ಮೇಲೆ. ಚಕ್ರ ಜೋತಾಡುವಾಗ ಬಿಗಿದರೆ, ಕಾರು ನೆಲಕ್ಕಿಳಿದಾಗ ರಬ್ಬರು ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ.

ಮನೆ ನಡೆಸುವ ನಮಗೆ ಯಾವುದನ್ನೂ ಎಸೆಯಲು ಮನಸ್ಸು ಬಾರದು. ಆದರೂ ಕುಕ್ಕರಿನ ಸಡಿಲವಾದ ಗ್ಯಾಸ್ಕೆಟ್ಟನ್ನು ಇನ್ನೊಂದು ವಾರ ದೂಡೋಣ ಎನ್ನುವವರು ಒಂದು ಕ್ಷಣ ಯೋಚಿಸಬೇಕು. ಯಾವುದನ್ನು ಉಳಿಸಬೇಕೆಂದು ನಮ್ಮ ತಾಯಂದಿರು ಚೆನ್ನಾಗಿಯೇ ಕಲಿಸಿದ್ದಾರೆ. ಯಾವುದರ ಕಸುವು ತೀರಿತೆಂದು ಗುರುತಿಸುವುದೂ ಅದೇ ಜಾಣತನದ ಇನ್ನರ್ಧ.